ಕೊಬಿನಾನ ಇಪ್ಪತ್ತು ನಿಮಿಷ

ಕೊಬಿನಾ ಎಸುಮನ್ ಮಾಡಿದ ತಪ್ಪು ಒಂದೇ. ಪರ ಊರಿನಿಂದ ಬಂದವನು ಸುದ್ದಿ ಹೇಳದೆ ಮಲಗಿಬಿಟ್ಟ.

ಸೆಕೊಂಡಿ ಪಟ್ಟಣದ ಆ ವಠಾರದಲ್ಲಿ ಪ್ರಯಾಣ ಮುಗಿಸಿ ಬಂದವರು ಮೊದಲು ಕೊಟ್ಟ ನೀರು ಕುಡಿಯಬೇಕು, ಆಮೇಲೆ ಹೋದ ಕಡೆಯ ಸುದ್ದಿಯನ್ನೆಲ್ಲ ಒಪ್ಪಿಸಬೇಕು. ಕುಮಾಸಿ ಪಟ್ಟಣದಲ್ಲಿರುವ ಅಣ್ಣನ ಮನೆಯಲ್ಲಿ ಮೂರು ವಾರ ಇದ್ದು ಬಂದ ಕೊಬಿನಾನಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಸದ್ದಿಲ್ಲದೆ ಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದ. ಅವನಿಗೆ ಬೇಕಿದ್ದುದು ಬೆಳಗಿನ ಧ್ಯಾನ. ಹೆಂಡತಿ ತೀರಿಕೊಂಡ ಮೇಲೆ ದಿಕ್ಕು ತಪ್ಪಿದ್ದವನನ್ನು ಆ ಇಪ್ಪತ್ತು ನಿಮಿಷವೇ ಕಾಪಾಡಿತ್ತು. ಅಣ್ಣನ ಗದ್ದಲದ ಮನೆಯಲ್ಲಿ ಅದು ತಪ್ಪಿಹೋಗಿ, ನಿದ್ದೆ ಕೆಟ್ಟು, ಎದೆ ಮತ್ತೆ ಭಾರವಾಗತೊಡಗಿತ್ತು. ಇವತ್ತು ಕೂರದಿದ್ದರೆ ಇನ್ನೆಂದೂ ಕೂರಲಾರೆ ಎಂಬ ಭಯ ಅವನಿಗೆ.

ಬೆಳಕು ಹರಿಯುವಾಗ ಜಗುಲಿಯಲ್ಲಿ ಚಾಪೆ ಹಾಸಿ ಕಣ್ಣು ಮುಚ್ಚಿದ. ಮೂರು ಉಸಿರು ಎಳೆದಿರಬಹುದು.

“ಅಯ್ಯೋ, ಯಾವಾಗ ಬಂದ್ಯಪ್ಪ?” ಪಕ್ಕದಲ್ಲೇ ಒಲೆ ಹಾಕಿ ಕೆಂಕೆ ಎಂಬ ಮುಸುಕಿನ ಜೋಳದ ಕಡುಬು ಬೇಯಿಸಿ ಮಾರುವ ಮನ್ಸಕ್ಕ ನೀರಿನ ಲೋಟ ಹಿಡಿದು ಬಂದಳು. “ತಗೋ, ಕುಡಿ. ಅಣ್ಣ ಹೆಂಗಿದಾನೆ?”

ಕೊಬಿನಾ ಕಣ್ಣು ಬಿಡಲಿಲ್ಲ. ಬಿಟ್ಟರೆ ಅರ್ಧ ದಿನ ಹೋದಂತೆಯೇ.

“ಫೀಫಿಯಣ್ಣ ಹೆಂಗಿದಾನೆ ಅಂತ ಕೇಳ್ದೆ!”

ಅಷ್ಟರಲ್ಲಿ ಒಲೆಯ ಹೊಗೆ ಇತ್ತ ತಿರುಗಿ, ಮುಚ್ಚಿದ ಕಣ್ಣಿಂದ ನೀರು ದಳದಳ ಇಳಿಯಿತು.

ಪ್ರಯಾಣದಿಂದ ಬಂದವನು ನೀರು ಮುಟ್ಟುತ್ತಿಲ್ಲ, ಮಾತಾಡುತ್ತಿಲ್ಲ, ನೆಲದ ಮೇಲೆ ಕೂತು ಅಳುತ್ತಿದ್ದಾನೆ. ಆ ವಠಾರದಲ್ಲಿ ಇದಕ್ಕೆ ಎರಡನೇ ಅರ್ಥವೇ ಇಲ್ಲ.

“ಪೈಂಟ್ಸಿಲ್! ಬಾರಪ್ಪ ಇಲ್ಲಿ! ಫೀಫಿಯಣ್ಣ ಹೋಗ್ಬಿಟ್ಟ!”

ದರ್ಜಿ ಪೈಂಟ್ಸಿಲ್ ಹಲ್ಲುಜ್ಜುವ ಕಡ್ಡಿಯನ್ನು ಬಾಯಲ್ಲಿಟ್ಟುಕೊಂಡೇ ಓಡಿಬಂದ. “ಮಾತಾಡಿಸ್ಬೇಡ ಅವ್ನನ್ನ. ದುಃಖ ಗಂಟಲಲ್ಲೇ ಕೂತಿದೆ. ದುಃಖ ಕೇಳೋಕೆ ಬರೋರಿಗೆ ನಾನು ಕುರ್ಚಿ ತರಿಸ್ತೀನಿ.”

ಕೊಬಿನಾ ಆಗಲೇ ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಮೂರು ವಾರದಲ್ಲಿ ಮೊದಲ ಸಲ ಅವನ ಸುತ್ತಲಿನ ಜನ ಪಿಸುಮಾತಿಗೆ ಇಳಿದಿದ್ದರು. ಆ ಸುಖ ಬಿಡಲು ಮನಸ್ಸಾಗಲಿಲ್ಲ. ಇನ್ನು ಹತ್ತೇ ನಿಮಿಷ ಎಂದು ಹಟ ಹಿಡಿದು ಕೂತ.

ಕಣ್ಣು ಬಿಟ್ಟಾಗ ಎದುರಿಗೆ ನಾಲ್ಕು ಸಾಲು ಪ್ಲಾಸ್ಟಿಕ್ ಕುರ್ಚಿ, ಅವುಗಳ ತುಂಬ ಸಾವಿನ ಮನೆಗೆಂದೇ ಕಪ್ಪು ಕೆಂಪು ಬಟ್ಟೆ ತೊಟ್ಟ ಜನ. ಮನ್ಸಕ್ಕ ಕುಮಾಸಿಗೆ ಫೋನು ಮಾಡಿ, ಫೀಫಿಯ ಹೆಂಡತಿಯ ಜೊತೆ ಮನಸಾರೆ ಅತ್ತು ಮುಗಿಸಿದ್ದಳು.

“ಯಾರೂ ಸತ್ತಿಲ್ಲ! ನಾನು ಧ್ಯಾನ ಮಾಡ್ತಿದ್ದೆ!”

“ಹಂಗಂದ್ರೆ?” ಮನ್ಸಕ್ಕ ಕೇಳಿದಳು.

“ಸುಮ್ನೆ ಕೂರೋದು. ನೆಮ್ಮದಿಗೆ.”

“ನೆಮ್ಮದಿಗೆ ಕೂತೋನು ಇಂಥ ಮುಖ ಮಾಡ್ಕೊಂಡು ಕೂರ್ತಾನಾ? ನಾನು ಅತ್ತಿದ್ದೆಲ್ಲ ದಂಡ!”

ಮನೆಮನೆಗೂ ಹೋಗಿ ಕ್ಷಮೆ ಕೇಳಿ, ಪ್ರತಿ ಮನೆಯಲ್ಲೂ ನೀರು ಕುಡಿದು, ಕುಮಾಸಿಯ ಸುದ್ದಿಯನ್ನು ಮೊದಲಿಂದ ಒಪ್ಪಿಸುವಷ್ಟರಲ್ಲಿ ಮಧ್ಯಾಹ್ನ ಇಳಿಯಿತು. ನಡುವೆ ಅಣ್ಣನಿಗೆ ಎಷ್ಟು ಸಲ ಫೋನು ಮಾಡಿದರೂ ಎತ್ತಲಿಲ್ಲ.

ಸಂಜೆ ವ್ಯಾನೊಂದು ಬಂದು ನಿಂತಿತು. ಕಪ್ಪು ಬಟ್ಟೆಯ ಹನ್ನೊಂದು ಜನ ಗೋಳಾಡುತ್ತ ಇಳಿದರು. ಎಲ್ಲರಿಗಿಂತ ಮುಂದೆ ಫೀಫಿಯಣ್ಣ. ಎದುರಿಗೆ ನಿಂತ ತಮ್ಮನನ್ನು ನೋಡಿ ಓಡಿಬಂದು ಅವನ ಕೆನ್ನೆ ಮುಟ್ಟಿ ನೋಡಿದ.

“ಬದುಕಿದೀಯೇನೋ! ಮನ್ಸಾ ಫೋನಲ್ಲಿ ‘ಅಯ್ಯೋ ಕೊಬಿನಾ, ಪಾಪ ಕೊಬಿನಾ’ ಅಂತ ಅಳ್ತಾನೇ ಇದ್ಲಂತೆ. ನೀನೇ ಹೋದೆ ಅನ್ಕೊಂಡ್ವಲ್ಲೋ!”

“ಅಷ್ಟು ಸಲ ಫೋನ್ ಮಾಡ್ದೆನಲ್ಲಣ್ಣ?”

“ಸತ್ತೋನ ನಂಬರಿಂದ ಫೋನ್ ಬಂದ್ರೆ ಎತ್ತೋಕೆ ಯಾರಿಗೆ ಧೈರ್ಯ ಇತ್ತೋ!”

ಫೀಫಿ ತಮ್ಮನನ್ನು ತಬ್ಬಿ ಮಗುವಿನಂತೆ ಅತ್ತ. ಕೊಬಿನಾನಿಗೂ ದುಃಖ ಒತ್ತರಿಸಿ ಬಂತು. ತನಗಾಗಿ ಇಷ್ಟು ಅಳುವವರಿದ್ದಾರೆಂದು ಅವನು ಎಣಿಸಿರಲೇ ಇಲ್ಲ. ಬೆಳಗಿನಿಂದ ಹುಡುಕುತ್ತಿದ್ದ ನೆಮ್ಮದಿ ಆ ತೋಳುಗಳ ನಡುವೆ ಒಂದು ಗಳಿಗೆ ಸಿಕ್ಕೇಬಿಟ್ಟಿತು. ಆ ಗಳಿಗೆಯಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಂಡ: ಹೆಂಡತಿಯ ನೆನಪು, ಬಾರದ ನಿದ್ದೆ, ಬೆಳಗ್ಗೆ ಒಬ್ಬನೇ ಕಣ್ಣು ಮುಚ್ಚಿ ಕೂರುವುದು.

ಫೀಫಿ ಕಣ್ಣೊರೆಸಿಕೊಂಡ. “ತಪ್ಪು ನಮ್ದೇ. ನಿನ್ನ ಒಬ್ಬನ್ನೇ ಬಿಟ್ಟಿದ್ಕೆ ಹಿಂಗೆ ಮೂಕನಾಗಿ ಕೂರೋ ಹಾಗಾಯ್ತು.” ಹೆಂಡತಿಯ ಕಡೆ ತಿರುಗಿದ. “ನೀವೆಲ್ಲ ನಾಳೆ ಹೊರಡಿ. ನಾನು ಇನ್ಮೇಲೆ ಇಲ್ಲೇ ಇರ್ತೀನಿ.”

ಕೊಬಿನಾ ಜಗುಲಿಯ ಚಾಪೆಯ ಕಡೆ ನೋಡಿದ.

“ಹೆದರ್ಬೇಡ ಕಣೋ,” ಅಣ್ಣ ಬೆನ್ನು ಸವರಿದ. “ನಾನು ಕೋಳಿಗಿಂತ ಮುಂಚೆ ಏಳೋನು. ಬೆಳಗಾಗೋವರ್ಗೂ ಮಾತಾಡ್ತಾನೇ ಇರ್ತೀನಿ. ಒಂದು ನಿಮಿಷಾನೂ ನಿನ್ನ ಸುಮ್ನೆ ಕೂರೋಕೆ ಬಿಡಲ್ಲ.”