ಬಾಯಿಲ್ಲದ ಚೀಲ

ಪುಟ್ಟಬಸಪ್ಪ: ಬಾಯೇ ಬ್ಯಾಡ ಅಂತಾವ್ನಿ ಸಾಬ್ರೇ! ನಾಕೂ ಕಡೆ ಹೊಲ್ದ್‌ಬುಡಿ.

ನೂರುಲ್ಲಾ: ಅರೆ ಯಜಮಾನ್ರೇ, ಬಾಯಿಲ್ದೆ ಇದ್ರೆ ಅದು ಚೀಲ ಹೆಂಗಾಯ್ತದೆ? ದಿಂಬು ಆಯ್ತದೆ.

ಪುಟ್ಟಬಸಪ್ಪ: ದಿಂಬೇ ಆಗ್ಲಿ ಬುಡಿ. ಒಳೀಕೆ ದೂಳು ಓಗ್ಬಾರ್ದು, ಅಷ್ಟೆ.

ಚಾಮರಾಜನಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮಿಷನ್ ತುಳಿಯುತ್ತಿದ್ದ ನೂರುಲ್ಲಾನಿಗೆ ಇಂಥ ಗಿರಾಕಿ ಸಿಕ್ಕಿರಲಿಲ್ಲ. ಕಂಕುಳು ಬಿಗಿ ಅಂದವರಿದ್ದರು, ಕಾಲರ್ ಸೊಟ್ಟ ಅಂದವರಿದ್ದರು. ಚೀಲಕ್ಕೆ ಬಾಯಿ ಬೇಡ ಅಂದವರು ಹರದನಹಳ್ಳಿಯ ಪುಟ್ಟಬಸಪ್ಪನವರೊಬ್ಬರೇ. ಮೇಜಿನ ಮೇಲೆ ಅವರ ಮೊಮ್ಮಗಳು ಮಧುಶ್ರೀಯ ಲ್ಯಾಪ್‌ಟಾಪು ಮಲಗಿತ್ತು; ಚೀಲ ಇದಕ್ಕೇ. ಯಾವುದೋ ಟ್ರಸ್ಟಿನವರು ಏಳನೇ ಕ್ಲಾಸಿನ ಮಕ್ಕಳಿಗೆಲ್ಲ ತಲೆಗೊಂದು ಅಂತ ಹಂಚಿ ಹದಿನೈದು ದಿನವಾಗಿತ್ತು. ಇದರ ಮುಚ್ಚಳದ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಬಾಡಿದ ಒಂದು ತುಂಬೆ ಹೂವು. ಇಷ್ಟು ದಿನ ದೇವರ ಗೂಡಿನಲ್ಲಿತ್ತು, ಪಾಪ. ಮಧುಶ್ರೀ ಸ್ಟೂಲಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

ನೂರುಲ್ಲಾ: ಮಗೂ ಓದ್ಲಿ ಅಂತ ಕೊಟ್ಟಿರೋದು ಯಜಮಾನ್ರೇ. ಹೊಲ್ದು ಮುಚ್ಚೋಕಲ್ಲ.

ಪುಟ್ಟಬಸಪ್ಪ: ಯಾಕೆ, ಬಿತ್ತನೆ ಅರಿಸಿನ ಮುಚ್ಚಿಡಾಕಿಲ್ವಾ ನಾವು?

ನೂರುಲ್ಲಾ: ಮುಚ್ಚಿಡ್ತೀರಿ, ಬಿತ್ತೋಕೆ! ನೀವು ಬಿತ್ತೋ ಹಂಗೇ ಕಾಣಾಕಿಲ್ವಲ್ಲ.

ಪುಟ್ಟಬಸಪ್ಪ: ಮೂರು ವರ್ಸ ಕಳೆದ್ಮೇಲೆ ವಾಪಸ್ ಇಸ್ಕತ್ತಾರಂತೆ. ಹೆಂಗೆ ಕೊಟ್ರೋ ಹಂಗೇ ಕೊಟ್ಬುಟ್ರೆ ನಮ್ ಮರ್ವಾದಿ ಉಳೀತದೆ.

ಮಧುಶ್ರೀ: ಹೆಂಗೆ ಕೊಟ್ರೋ ಹಂಗೆ ಅಂದ್ರೆ ವಿಭೂತಿ ಅಳಿಸ್ಬೇಕು ತಾತ.

ಪುಟ್ಟಬಸಪ್ಪ: ಸುಮ್ಕಿರು ಕಣಮ್ಮಿ! ಅಲ್ಲ ಸಾಬ್ರೇ, ಒಂದೊಂದು ಮಗೀಗೂ ಒಂದೊಂದು ಯಾಕಂತೆ? ಇಡೀ ಕ್ಲಾಸಿಗೆ ಒಂದು ಮಡಗಿ ಮೇಷ್ಟ್ರು ತೋರ್ಸುದ್ರೆ ಸಾಲ್ದಾ?

ಮಧುಶ್ರೀ: ಬಾವೀಲಿ ಪಕ್ಕದ್ಮನೆ ಮಾದಣ್ಣ ಈಜಾಡ್ತಿದ್ರೆ ಮೇಲೆ ನಿಂತ್ಕಂಡು ನೋಡಿದ ನಿಂಗೆ ಈಜು ಬತ್ತದಾ?

ನೂರುಲ್ಲಾ ತೊಡೆ ತಟ್ಟಿಕೊಂಡು ನಕ್ಕ. ಹುಡುಗಿಯ ಪರ ವಾದ ಮಾಡುವುದರಲ್ಲಿ ಅವನಿಗೆ ಹುರುಪು ಬಂದುಬಿಟ್ಟಿತು.

ನೂರುಲ್ಲಾ: ಕೇಳಿ ಯಜಮಾನ್ರೇ, ಎಂಥ ಮಾತು! ಬಟ್ಟೆ ಹೊಲಿಯೋದು ತೊಡೋಕೆ. ಒಡೀತದೆ, ಸವೀತದೆ ಅಂತ ಹೆದ್ರಿ ಮಕ್ಕಳ ಕೈ ಕಟ್ಟಾಕೋದು ತಪ್ಪು. ದೊಡ್ಡ ತಪ್ಪು!

ಈ ಮಾತಿನ ಜೋರಿನಲ್ಲಿ ಅವನ ಕೈ ತಾನಾಗಿ ಎದೆಯ ಜೇಬಿಗೆ ಹೋಯಿತು. ಅಲ್ಲಿ ಪಿನ್ನು ಹಾಕಿ ಭದ್ರ ಮಾಡಿದ್ದ ಒಂದು ಕೀಲಿ ಇತ್ತು.

ಪುಟ್ಟಬಸಪ್ಪ: ಅಂಗಾರೆ ನಿಮ್ ಮಗ್ಳು ಆಯಿಷಾ? ಅವ್ಳೂ ಇವಳ ಕ್ಲಾಸೇ ಅಲ್ವಾ? ಅವಳ್ದೆಲ್ಲಿ?

ನೂರುಲ್ಲಾನಿಗೆ ಕೆಮ್ಮು ಬಂತು. ಸೂಜಿಗೆ ದಾರ ಪೋಣಿಸಲು ಹೋದ. ಸೂಜಿಯಲ್ಲಿ ಆಗಲೇ ದಾರವಿತ್ತು.

ಮಧುಶ್ರೀ: ಬೀರುನಲ್ಲಿಟ್ಟು ಬೀಗ ಹಾಕವ್ರೆ ತಾತ. ಕೀ ಅಂಕಲ್ ಜೇಬಲ್ಲೇ ಅದೆ.

ಪುಟ್ಟಬಸಪ್ಪ: ಅಯ್ಯೋ ನಿಮ್ಮ! ನಂಗೆ ಬುದ್ಧಿ ಹೇಳ್ತಿದ್ರಲ್ಲಾ ಇಷ್ಟೊತ್ತು!

ನೂರುಲ್ಲಾ: ಏನ್ಮಾಡ್ಲಿ ಯಜಮಾನ್ರೇ... ನಮ್ಮನೇಲಿ ಅಂಥ ಹೊಸ ಸಾಮಾನು ಯಾವತ್ತೂ ಬಂದಿಲ್ಲ. ಈ ಮಿಷನ್ನೂ ಸೆಕೆಂಡ್ ಹ್ಯಾಂಡು. ಮಗು ಕೈ ತಪ್ಪಿ ಬೀಳ್ಸಿದ್ರೆ ಅಂತ ಎದೆ ಡವಡವ ಅಂತದೆ.

ಪುಟ್ಟಬಸಪ್ಪನವರ ದನಿ ಇಳಿಯಿತು. ಅವರಿಗೂ ಅದೇ ಭಯ.

ಪುಟ್ಟಬಸಪ್ಪ: ನಂಗೂ ಅದೇ ಕಣ್ರೀ. ಕೆಟ್ಟೋದ್ರೆ ಏನಂತಾರೆ? ಹಳ್ಳಿಯೋರ್ ಕೈಗೆ ಕೊಟ್ರೆ ಇಷ್ಟೇ ಹಣೇಬರ ಅನ್ನಾಕಿಲ್ವಾ? ನಮ್ ಹುಡ್ಗಿ ತಲೆ ಬಗ್ಗಿಸ್ಕಂಡು ನಿಲ್ಬೇಕಾ?

ನೂರುಲ್ಲಾ: ದಿಟ. ಅಂಗಾದ್ರೆ ನಾಕೂ ಕಡೆ ಹೊಲ್ದೇ ಬಿಡ್ಲಾ?

ಪುಟ್ಟಬಸಪ್ಪ: ಡಬಲ್ ಹೊಲಿಗೆ ಹಾಕ್ಬುಡಿ.

ನೋಡಿ, ಜಗಳವಾಡುವಾಗಲೇ ಹುಡುಗಿಗೆ ಆಸೆಯಿತ್ತು. ಇಬ್ಬರೂ ರಾಜಿಯಾದರೆ ಕೆಟ್ಟಿತು! ಮಧುಶ್ರೀ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಳು.

ಮಧುಶ್ರೀ: ಕೊಡಾಕಿಲ್ಲ! ಹದಿನೈದು ದಿನದಿಂದ ಎಲ್ರೂ ಬರೀತಾವ್ರೆ, ನಾನು ಪಕ್ಕದವಳ್ದು ಇಣುಕಿ ನೋಡ್ತಾವ್ನಿ. ಮನೆಯೋರು ಮಾಡೋ ಕೆಲಸದ್ ಮೇಲೆ ಇಬ್ರಿಬ್ರು ಸೇರಿ ಬರ್ದು ನಾಳೆ ತೋರಿಸ್ಬೇಕು. ನಿನ್ನ ಅರಿಸಿನದ್ದು ನಾನು, ಹೊಲಿಗೇದು ಆಯಿಷಾ. ಒಂದು ಬೀರುನಲ್ಲಿ, ಒಂದು ದಿಂಬೊಳ್ಗೆ ಇದ್ರೆ ನಾಳೆ ಏನ್ ತೋರ್ಸದು ತಾತ, ದಿಂಬು ತೋರಿಸ್ಲಾ?

ಅವಳು ಅತ್ತೇಬಿಟ್ಟಳು. ನೂರುಲ್ಲಾನಿಗೆ ತಡೆಯಲಾಗಲಿಲ್ಲ. ಜೇಬಿನ ಪಿನ್ನು ಕಿತ್ತು, ಪರದೆ ಸರಿಸಿ, ಅಂಗಡಿಯ ಹಿಂದೆಯೇ ಇದ್ದ ಮನೆಯೊಳಕ್ಕೆ ನುಗ್ಗಿ ಬೀರು ತೆಗೆದ. ಮದುವೆಯ ಶಾಲಿನಲ್ಲಿ ಸುತ್ತಿಟ್ಟಿದ್ದ ಗಂಟನ್ನು ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲೆ ಬಿಚ್ಚಿದ. ಒಳಗೆ ತರಕಾರಿ ಹೆಚ್ಚುವ ಹಲಗೆ ಇತ್ತು.

ನೂರುಲ್ಲಾ: ಯಾ ಅಲ್ಲಾ! ಕುಲ್ಸುಂ! ಕಳ್ರು ಬಿದ್ದವ್ರೆ!

ಪರದೆಯ ಹಿಂದಿನಿಂದ ಅವನ ಹೆಂಡತಿ ಕುಲ್ಸುಂ ಬಿ ಟೀ ಲೋಟ ಹಿಡಿದು ಬಂದಳು, ಅವಳ ಬೆನ್ನಿಗೆ ಆಯಿಷಾ. ಆಯಿಷಾಳ ಕೈಯಲ್ಲಿ ಲ್ಯಾಪ್‌ಟಾಪು.

ಕುಲ್ಸುಂ ಬಿ: ಕೂಗ್ಬೇಡಿ. ಬೀರು ತಗೊಂಡಾಗ ಅಂಗಡಿಯೋರು ಎರಡು ಕೀ ಕೊಟ್ಟಿದ್ರು. ಒಂದಕ್ಕೆ ನೀವು ಪಿನ್ನು ಹಾಕ್ಕೊಂಡ್ರಿ.

ಆಯಿಷಾ ಅಂಜುತ್ತಲೇ ಮುಚ್ಚಳ ಎತ್ತಿದಳು. ಒಳಗೆ ಒಂದು ಫೋಟೋ. ಪರದೆಯ ಸಂದಿಯಿಂದ ತೆಗೆದದ್ದು: ಮಿಷನ್ ಮೇಲೆ ಬಾಗಿ ಕೂತ ನೂರುಲ್ಲಾ, ಬಾಯಲ್ಲಿ ಎರಡು ಗುಂಡಿ. ಕೆಳಗೆ ದಪ್ಪ ಅಕ್ಷರದಲ್ಲಿ: ‘ನನ್ನ ಅಬ್ಬಾ ಅಳತೆ ಪಟ್ಟಿ ಇಲ್ಲದೆ ಕಣ್ಣಲ್ಲೇ ನೋಡಿ ಅಂಗಿಯ ಅಳತೆ ಹೇಳುತ್ತಾರೆ.’

ನೂರುಲ್ಲಾ ಬಾಗಿ ನೋಡಿದ. ತಲೆಯ ಹಿಂದೆ ಕೈಯಾಡಿಸಿಕೊಂಡ.

ನೂರುಲ್ಲಾ: ಹಿಂದ್ಗಡೆ ಇಷ್ಟು ಬೋಳಾಗದಾ ನನ್ ತಲೆ?

ಪುಟ್ಟಬಸಪ್ಪ ಇಣುಕಿ ನೋಡಿದರು. ಸಾಬರನ್ನು ನೋಡಿದರು, ಹೆಚ್ಚುವ ಹಲಗೆಯನ್ನು ನೋಡಿದರು, ಕೊನೆಗೆ ಮೊಮ್ಮಗಳನ್ನು. ಆಮೇಲೆ ಪಂಚೆಯ ಚುಂಗಿನಿಂದ ವಿಭೂತಿ, ಕುಂಕುಮ ಒರೆಸಿ, ತುಂಬೆ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡರು.

ಪುಟ್ಟಬಸಪ್ಪ: ಬಾಯಿ ಇಟ್ಬುಡಿ ಸಾಬ್ರೇ, ಅಗಲವಾಗೇ ಇಡಿ. ಎಂಗಿದ್ರೂ ತಗ್ದೇ ತಗೀತವೆ ಈ ಮಕ್ಳು. ಹೊಲಿಗೆ ಬಿಚ್ಚೋ ಕೆಲ್ಸ ಬೇರೆ ಯಾಕೆ ಅವಕ್ಕೆ?