ಎಲ್ಬರ್ಟ್ ಎಂಬ ದೋಣಿ

ನೇಡೀನ್: ನೀನು ಸತ್ತ ಮೇಲೆ ನನಗೇನು ಸಿಗುತ್ತೆ ಅಂತ ನಾನು ಕೇಳಿದೆ. ಕಾರು ಹತ್ತಿದಾಗಿಂದ ನೀನು ಮೀನಿನ ವಿಷಯಾನೇ ಹೇಳ್ತಿದ್ದೀಯ.

ರಾಯ್ಸ್: ಮೀನಿನ ವಿಷಯ ಅಲ್ಲ ಕಣೇ, ಹೂಡಿಕೆ ವಿಷಯ. ಫ್ಯಾಮಿಲಿ ಪೆನ್ಷನ್ ಬೇಡ ಅಂತ ಬರೆದುಕೊಟ್ರೆ ನನ್ನ ಪೆನ್ಷನ್‌ನಲ್ಲಿ ತಿಂಗಳಾ ತಿಂಗಳಾ ಹಿಡಿಯೋದು ತಪ್ಪುತ್ತೆ. ಹಾಗೆ ಉಳಿದದ್ದರಲ್ಲಿ ಒಂದು ಪಾಲು ಇನ್ಶೂರೆನ್ಸ್ ಕಂತಿಗೆ. ಮಿಕ್ಕಿದ್ದು ಹೂಡಿಕೆ.

ನೇಡೀನ್: ಯಾವುದರಲ್ಲಿ?

ರಾಯ್ಸ್: ಹದಿನೆಂಟು ಅಡಿ ಉದ್ದ ಇರುತ್ತೆ. ಹಿಂದುಗಡೆ ಮೋಟಾರು.

ಓಕ್ಲಹೋಮಾದ ಒಂದು ಸೇನಾ ನೆಲೆಯ ನಿವೃತ್ತಿ ವಿಭಾಗ. ಶುಕ್ರವಾರ ಮಧ್ಯಾಹ್ನ. ಫಸ್ಟ್ ಸಾರ್ಜೆಂಟ್ ರಾಯ್ಸ್ ಟ್ಯಾಕೆಟ್ ಅವರಿಗೆ ಸೈನ್ಯದಲ್ಲಿ ಇದು ಕೊನೆಯ ದಿನ. ಸೂರ್ಯ ಹುಟ್ಟುವುದು ತಮ್ಮ ಅಪ್ಪಣೆಯ ಮೇಲೆ ಎಂದು ಫಸ್ಟ್ ಸಾರ್ಜೆಂಟುಗಳು ನಂಬಿರುತ್ತಾರೆ. ದಿನವೂ ಸೂರ್ಯನಿಗಿಂತ ಮುಂಚೆ ಎದ್ದು ನಿಂತಿರುತ್ತಾರಾದ್ದರಿಂದ ಅದನ್ನು ಅಲ್ಲಗಳೆಯುವುದು ಕಷ್ಟ. ‘ನನ್ನ ನಂತರ ಹೆಂಡತಿಗೆ ಕುಟುಂಬ ಪಿಂಚಣಿ ಬೇಡ’ ಎಂಬ ಕಾಗದಕ್ಕೆ ಅವರು ಆಗಲೇ ದೊಡ್ಡದಾಗಿ ಸಹಿ ಹಾಕಿದ್ದರು. ಆದರೆ ಕೆಳಗೆ ಹೆಂಡತಿಯೂ ನೋಟರಿಯ ಎದುರು ಸಹಿ ಹಾಕಿದರೇ ಅದಕ್ಕೆ ಬೆಲೆ. ಇಪ್ಪತ್ತಮೂರು ವರ್ಷದಲ್ಲಿ ಸೈನ್ಯ ನೇಡೀನ್‌ಳನ್ನು ಒಂದು ಮಾತು ಕೇಳಿದ್ದು ಇದೇ ಮೊದಲು.

ಕೌಂಟರಿನ ಆಚೆ ನೋಟರಿ ಓಲೀಥಾ ಬೀಸ್ಲಿ. ಮುಂದೆ ಮುದ್ರೆ, ಪಕ್ಕದಲ್ಲಿ ಬೆಳ್ಳಿ ಕಾಗದ ಬಿಚ್ಚಿಟ್ಟ ಮೊಟ್ಟೆ ಸ್ಯಾಂಡ್‌ವಿಚ್.

ಬೀಸ್ಲಿ: ಅವಸರ ಏನಿಲ್ಲಮ್ಮ. ನಾಲ್ಕಕ್ಕೆ ಬಾಗಿಲು ಹಾಕ್ತೀವಿ. ಅಷ್ಟರೊಳಗೆ ಸಹಿ ಬೀಳದಿದ್ರೆ ಪೂರ್ತಿ ಫ್ಯಾಮಿಲಿ ಪೆನ್ಷನ್ ತಾನಾಗೇ ಜಾರಿಗೆ ಬರುತ್ತೆ.

ರಾಯ್ಸ್: ಅಂದ್ರೆ ಸುಮ್ಮನೆ ಕೂತ್ರೂ ಗೆಲ್ಲೋದು ಅವಳೇ.

ಬೀಸ್ಲಿ: ಕಾನೂನು ಹಾಗಿದೆ, ಸಾರ್ಜೆಂಟ್ ಅವರೇ.

ನೇಡೀನ್: ನಾನೆಲ್ಲಿ ಸುಮ್ಮನೆ ಕೂತಿದ್ದೀನಿ? ಅರ್ಥ ಆಗೋ ಹಾಗೆ ಹೇಳು, ಸಹಿ ಮಾಡ್ತೀನಿ ಅಂದಿದ್ದೀನಿ. ಹೇಳು.

ರಾಯ್ಸ್ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ ನಿಂತರು. ಕಟ್ಟಿದ ಕೈಯೊಂದರಲ್ಲಿ ಅರ್ಧ ತುಂಬಿದ ಕೋಲಾ ಬಾಟಲಿ. ಒಳಗಿದ್ದದ್ದು ಕೋಲಾ ಅಲ್ಲ. ಕೆಳತುಟಿಯೊಳಗೆ ಒತ್ತಿಕೊಂಡ ಹೊಗೆಸೊಪ್ಪಿನ ರಸ ಎಲ್ಲಿಗಾದರೂ ಹೋಗಬೇಕಲ್ಲ, ಅದು ಅಲ್ಲಿಗೆ ಹೋಗುತ್ತಿತ್ತು.

ರಾಯ್ಸ್: ಮೊದಲನೇ ಅಂಶ. ನಾನಿರೋವಾಗಲೇ ನೀನು ಹೋದೆ ಅಂತ ಇಟ್ಕೋ. ಅಲ್ಲಿವರೆಗೆ ಪೆನ್ಷನ್‌ಗೆ ಅಂತ ಹಿಡಿದದ್ದೆಲ್ಲ ನೀರುಪಾಲು.

ನೇಡೀನ್: ನಾನು ಸತ್ತಾಗ ನಿನಗೆ ನೆನಪಾಗೋದು ಅದು.

ರಾಯ್ಸ್: ಮೊದಲು ಅಳ್ತೀನಿ. ಆಮೇಲೆ ನೆನಪಾಗುತ್ತೆ.

ನೇಡೀನ್: ಎರಡನೇ ಅಂಶ ಹೇಳು.

ರಾಯ್ಸ್: ಇನ್ಶೂರೆನ್ಸ್ ಇಪ್ಪತ್ತು ವರ್ಷದ್ದು. ಅಷ್ಟರಲ್ಲಿ ನನಗೇನಾದ್ರೂ ಆದ್ರೆ ನಿನ್ನ ಕೈಗೆ ದೊಡ್ಡ ಗಂಟು, ಒಂದೇ ಸಲಕ್ಕೆ.

ನೇಡೀನ್: ನಿನಗೀಗ ನಲವತ್ತಾರು. ಅರವತ್ತಾರರ ಒಳಗೆ ಹೋದ್ರೆ ಗಂಟು. ಅರವತ್ತೇಳಕ್ಕೆ ಹೋದ್ರೆ?

ರಾಯ್ಸ್: ಅದು ನನ್ನ ಪ್ಲ್ಯಾನ್‌ನಲ್ಲಿಲ್ಲ.

ನೇಡೀನ್: ಯಾವುದು, ಅರವತ್ತೇಳೋ, ಸಾವೋ?

ರಾಯ್ಸ್: ನಮ್ಮ ವಂಶದಲ್ಲಿ ಗಟ್ಟಿ ಜೀವಗಳು ಕಣೇ. ನಮ್ಮ ಅಜ್ಜ ತೊಂಬತ್ತು ದಾಟಿದ್ರು.

ನೇಡೀನ್: ಹಾಗಾದ್ರೆ ಇಪ್ಪತ್ತು ವರ್ಷದ ಪಾಲಿಸಿ ಯಾರಿಗೆ? ನೀನು ಸಾಯದೇ ಇರೋ ವರ್ಷಗಳಿಗೆಲ್ಲ ಕಂತು ಕಟ್ಟಿ, ಸಾಯೋ ಹೊತ್ತಿಗೆ ಸರಿಯಾಗಿ ನಿಲ್ಲಿಸ್ತೀಯ.

ರಾಯ್ಸ್ ಬೀಸ್ಲಿಯವರ ಮುಖ ನೋಡಿದರು. ಅವರು ಮುದ್ರೆಯನ್ನು ಒರೆಸುತ್ತಿದ್ದರು.

ಬೀಸ್ಲಿ: ನಾನು ಸಲಹೆ ಕೊಡೋ ಹಾಗಿಲ್ಲ. ಸಹಿ ಮಾಡೋ ಕೈ ಅವರದ್ದೇನಾ ಅಂತ ನೋಡೋದಷ್ಟೇ ನನ್ನ ಕೆಲಸ.

ನೇಡೀನ್: ಇನ್ನೊಂದು. ಆ ಕಂತಿನ ದರ ಹೊಗೆಸೊಪ್ಪು ಮುಟ್ಟದೇ ಇರೋರಿಗೆ ಅಲ್ವಾ?

ರಾಯ್ಸ್: ಬಿಟ್ಟಿದ್ದೀನಲ್ಲ.

ನೇಡೀನ್: ತುಟಿಯೊಳಗೇನಿದೆ?

ರಾಯ್ಸ್: ಇದು ಬಿಡೋದಕ್ಕೆ ಮುಂಚಿನದು.

ಎಂದು ಬಾಟಲಿ ಎತ್ತಿ ಉಗುಳಿದರು. ಉಗುಳುವಾಗಲೂ ಬೆನ್ನು ನೆಟ್ಟಗಿತ್ತು.

ನೇಡೀನ್: ಈ ಪಾಲಿಸಿ ಕೊಡ್ತಿರೋದು ಯಾರು?

ರಾಯ್ಸ್: ಹರ್ಬ್ ಲೆಮನ್ಸ್. ಗೇಟಿನ ಹೊರಗೆ, ಟೈರ್ ಅಂಗಡಿ ಪಕ್ಕ ಆಫೀಸು. ಅವನೂ ಸೈನ್ಯದಿಂದ ಬಂದೋನೇ.

ಬೀಸ್ಲಿ ಸ್ಯಾಂಡ್‌ವಿಚ್ ಅಗಿಯುವುದನ್ನು ನಿಲ್ಲಿಸಿದರು. ಮತ್ತೆ ಅಗಿಯತೊಡಗಿದರು.

ನೇಡೀನ್: ಗೇಟಿನ ಹೊರಗೆ. ರಾಯ್ಸ್, ಪ್ರತಿ ಶುಕ್ರವಾರ ಸಂಜೆ ಹುಡುಗರನ್ನ ಸಾಲಾಗಿ ನಿಲ್ಲಿಸಿ ಬುದ್ಧಿ ಹೇಳಿ ರಜಕ್ಕೆ ಬಿಡ್ತಿದ್ಯಲ್ಲ, ಏನು ಹೇಳ್ತಿದ್ದೆ?

ರಾಯ್ಸ್: ಕುಡಿದು ಗಾಡಿ ಓಡಿಸಬೇಡಿ ಅಂತ.

ನೇಡೀನ್: ಆಮೇಲೆ?

ರಾಯ್ಸ್: ಗೇಟಿನ ಹೊರಗಿನೋರ ಹತ್ರ ಕಾರು ತಗೋಬೇಡಿ, ಸಾಲ ತಗೋಬೇಡಿ, ಅವರು ಕೊಟ್ಟ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ನೇಡೀನ್: ಹಾಂ.

ರಾಯ್ಸ್: ಗೇಟಿನ ಹೊರಗೆ ಸಿಕ್ಕೋಳನ್ನ ಮದುವೆ ಆಗಬೇಡಿ ಅಂತಾನೂ ಹೇಳ್ತಿದ್ದೆ.

ನೇಡೀನ್: ನಾವೆಲ್ಲಿ ಸಿಕ್ಕಿದ್ದು?

ರಾಯ್ಸ್: ಗೇಟಿನ ಹೊರಗೆ. ನೀನು ನನ್ನ ಕೂದಲು ಕತ್ತರಿಸಿದೆ.

ನೇಡೀನ್: ಹೂಂ, ಕತ್ತರಿಸಿದೆ. ಆಮೇಲೆ ನಿನ್ನನ್ನ ಜಾರ್ಜಿಯಾಕ್ಕೆ ಹಾಕಿದ್ರು. ಅಲ್ಲಿ ನನ್ನ ಕೂದಲು ಕತ್ತರಿಸೋ ಲೈಸೆನ್ಸ್ ನಡೆಯಲ್ಲ ಅಂದ್ರು, ಮತ್ತೆ ಪರೀಕ್ಷೆ ಕಟ್ಟಿದೆ. ಅಂಗಡೀಲಿ ನಾಲ್ಕು ಜನ ಗುರುತಾಗೋ ಹೊತ್ತಿಗೆ ಟೆಕ್ಸಾಸ್. ಮತ್ತೆ ಪರೀಕ್ಷೆ. ಆಮೇಲೆ ವಾಷಿಂಗ್ಟನ್. ಅದೇ ತಲೆ, ಅದೇ ಕತ್ತರಿ, ಪ್ರತಿ ರಾಜ್ಯಕ್ಕೂ ಹೊಸದಾಗಿ ಕಲಿತೆ ಅಂತ ತೋರಿಸಬೇಕು. ಒಂದು ಕಡೆ ನೆಟ್ಟಗೆ ಕೆಲಸ ಮಾಡಿದ್ರೆ ನನಗೂ ಅಂತ ಒಂದು ಪೆನ್ಷನ್ ಇರ್ತಿತ್ತು. ಇಲ್ಲ. ನನಗಿರೋದು ನಿಂದು ಒಂದೇ. ಅದೂ ನೀನಿರೋವರೆಗೆ. ಆಮೇಲೂ ಅರ್ಧಕ್ಕಿಂತ ಚೂರು ಜಾಸ್ತಿ ಉಳೀಲಿ ಅಂತಿದ್ದೀನಿ. ಬೇರೇನೂ ಕೇಳ್ತಿಲ್ಲ.

ಉತ್ತರ ಇಲ್ಲದಾಗ ಮುಂದಿನ ಅಂಶಕ್ಕೆ ಹೋಗಬೇಕೆಂದು ರಾಯ್ಸ್ ಅವರಿಗೆ ತರಬೇತಿಯಾಗಿತ್ತು.

ರಾಯ್ಸ್: ಮೂರನೇ ಅಂಶ. ಲೆಮನ್ಸ್ ನಂಬಿಕಸ್ಥ. ಅವನ ದೋಣೀಲಿ ಎರಡು ಸಲ ಹೋಗಿದ್ದೀನಿ. ಎಂಥ ದೋಣಿ ಗೊತ್ತಾ, ಸಾಲ ಇಲ್ಲದ್ದು. ಇನ್ಶೂರೆನ್ಸ್ ಅರ್ಥ ಮಾಡ್ಕೊಂಡೋನ ಬದುಕು ಹೇಗಿರುತ್ತೆ ಅಂತ ಅದನ್ನ ನೋಡಿದ್ರೆ ಗೊತ್ತಾಗುತ್ತೆ. ಅದಕ್ಕೆ ‘ಎಲ್ಬರ್ಟ್’ ಅಂತ ಹೆಸರು.

ನೇಡೀನ್: ಎಲ್ಬರ್ಟ್ ಯಾರು?

ರಾಯ್ಸ್: ನಾನೂ ಕೇಳ್ದೆ. ‘ಆ ಪುಣ್ಯಾತ್ಮ ಇಲ್ಲದಿದ್ರೆ ಈ ದೋಣಿ ಇಲ್ಲ’ ಅಂದ. ಈ ವ್ಯಾಪಾರ ಕಲಿಸಿದ ಗುರು ಇರಬೇಕು. ಒಳ್ಳೇ ಸಂಸ್ಕಾರ.

ನೇಡೀನ್: ಇರಲಿ. ಪೆನ್ಷನ್ ಆದ್ರೆ ನನಗೆ ಸಾಯೋವರೆಗೂ ಬರುತ್ತೆ, ಅಲ್ವಾಮ್ಮ?

ಬೀಸ್ಲಿ: ಸಾಯೋವರೆಗೂ. ಐವತ್ತೈದು ವರ್ಷ ತುಂಬೋ ಮೊದಲು ಇನ್ನೊಂದು ಮದುವೆ ಆದ್ರೆ ನಿಲ್ಲುತ್ತೆ. ತುಂಬಿದ ಮೇಲೆ ಆದ್ರೆ ತೊಂದರೆಯಿಲ್ಲ.

ರಾಯ್ಸ್ ಅವರ ಮುಖ ಬೆಳಗಿತು. ಶತ್ರುವಿನ ಬೇಲಿಯಲ್ಲಿ ಕಿಂಡಿ ಕಂಡವರ ಹಾಗೆ ಕೌಂಟರಿನ ಮೇಲೆ ಬಾಗಿದರು.

ರಾಯ್ಸ್: ಕೇಳಿದ್ಯಾ? ಷರತ್ತು. ನಿನಗಿನ್ನೂ ನಲವತ್ತನಾಲ್ಕು. ಸರ್ಕಾರದ ದುಡ್ಡು ಅಂದ್ರೆ ಹೀಗೇ, ಬಾಲಕ್ಕೆ ಹಗ್ಗ ಕಟ್ಟೇ ಕೊಡೋದು. ಇನ್ಶೂರೆನ್ಸ್‌ನಲ್ಲಿ ಇಂಥ ಕಾಟ ಇಲ್ಲ. ನಾನು ಹೋದ್ರೆ ಗಂಟು ಪೂರ್ತಿ ನಿಂದು. ಮರುದಿನ ಬೇಕಾದ್ರೂ ನೀನು…

ನೇಡೀನ್: ಮರುದಿನ ಬೇಕಾದ್ರೂ ನಾನು?

ರಾಯ್ಸ್: ಏನಿಲ್ಲ.

ನೇಡೀನ್: ಇಷ್ಟು ಹೊತ್ತಲ್ಲಿ ಇದೊಂದು ಅರ್ಥ ಆಯ್ತು ನೋಡು. ಸಹಿ ಎಲ್ಲಿ ಹಾಕಬೇಕಮ್ಮ?

ಬೀಸ್ಲಿ: ಇಲ್ಲಿ, ಗೆರೆ ಮೇಲೆ.

ಗೆರೆಯ ಮೇಲೆ ರಾಯ್ಸ್ ಅವರ ಅಂಗೈ ಬಿತ್ತು.

ರಾಯ್ಸ್: ತಾಳು. ಯಾಕಿಷ್ಟು ಅವಸರ?

ನೇಡೀನ್: ನೀನೇ ತಾನೇ ಸಹಿ ಹಾಕು ಹಾಕು ಅಂತಿದ್ದೆ?

ರಾಯ್ಸ್: ಒಂದು ಸಣ್ಣ ಪ್ರಶ್ನೆ. ಅಮ್ಮಾ, ಈ ಇನ್ಶೂರೆನ್ಸ್ ಚೆಕ್ಕು ಅಂಚೇಲಿ ಬರುತ್ತಾ?

ಬೀಸ್ಲಿ: ಕೆಲವರು ಅಂಚೇಲಿ ಕಳಿಸ್ತಾರೆ. ಲೆಮನ್ಸ್ ಮಾತ್ರ ತಾವೇ ಮನೆಗೆ ತಗೊಂಡು ಹೋಗಿ ಕೊಡ್ತಾರೆ. ಟೈ ಕಟ್ಟಿಕೊಂಡು. ಜೊತೇಲಿ ಪೀಚ್ ಹಣ್ಣು ತುಂಬಿ ಬೇಯಿಸಿದ ಒಂದು ಪೈ.

ರಾಯ್ಸ್: ಪೈ ಯಾಕೆ?

ಬೀಸ್ಲಿ: ಮನೇಲಿ ಸಾವಾಗಿರುತ್ತಲ್ಲ, ಅಡುಗೆ ಮಾಡಿರಲ್ಲ.

ರಾಯ್ಸ್: ನಾನು ಸತ್ತ ಮನೆಗೆ, ಗಂಟು ಎಷ್ಟು ಅಂತ ಗೊತ್ತಿರೋ ಒಬ್ಬ ಗಂಡಸು, ಟೈ ಕಟ್ಟಿಕೊಂಡು, ಪೈ ಹಿಡ್ಕೊಂಡು.

ನೇಡೀನ್: ಅವರಿಗೆ ಮದುವೆ ಆಗಿದ್ಯಾ?

ರಾಯ್ಸ್: ಅದು ನಿನಗ್ಯಾಕೆ? ಆಗಿದೆ. ಆ ಯಮ್ಮ ಬುತ್ತಿ ಕಟ್ಟಿ ಕಳಿಸ್ತಾರೆ, ನಾನೂ ತಿಂದಿದ್ದೀನಿ. ಮೊಟ್ಟೆ ಸ್ಯಾಂಡ್‌ವಿಚ್ಚು. ಅದರಲ್ಲೇನೋ ಒಂದು ಹಾಕ್ತಾರೆ, ಒಳ್ಳೇ ರುಚಿ.

ಬೀಸ್ಲಿ: ಸಿಹಿ ಉಪ್ಪಿನಕಾಯಿ.

ರಾಯ್ಸ್ ಅವರ ಕಣ್ಣು ಬೆಳ್ಳಿ ಕಾಗದದ ಕಡೆ ಹೋಯಿತು. ಅರ್ಧ ಸ್ಯಾಂಡ್‌ವಿಚ್ ಅಲ್ಲಿ ಇನ್ನೂ ಇತ್ತು.

ರಾಯ್ಸ್: ನೀವು ಬೀಸ್ಲಿ ಅಲ್ವಾ?

ಬೀಸ್ಲಿ: ಹೆಸರು ಬದಲಾಯಿಸಿದ್ರೆ ಮುದ್ರೇನೂ ಬದಲಾಯಿಸಬೇಕು. ಬೀಸ್ಲಿ ನನ್ನ ಮೊದಲನೇ ಗಂಡ. ಸಾರ್ಜೆಂಟ್ ಎಲ್ಬರ್ಟ್ ಬೀಸ್ಲಿ.

ರಾಯ್ಸ್ ಗೆರೆಯ ಮೇಲಿಂದ ಅಂಗೈ ತೆಗೆದರು.

ರಾಯ್ಸ್: ದೋಣಿ ಎಲ್ಬರ್ಟು.

ಬೀಸ್ಲಿ: ಅವರೂ ಫ್ಯಾಮಿಲಿ ಪೆನ್ಷನ್ ಬೇಡ ಅಂತಾನೇ ಹೊರಟಿದ್ರು. ಈ ಕೌಂಟರಿನ ಆ ಕಡೆ, ನೀವು ನಿಂತಿರೋ ಜಾಗದಲ್ಲೇ ನಿಂತು ವಾದ ಮಾಡಿದ್ವಿ. ಎಲ್ಬರ್ಟ್‌ಗೆ ಮಾತು ಜಾಸ್ತಿ. ನಾನು ಸಹಿ ಹಾಕೋ ಮೊದಲೇ ನಾಲ್ಕು ಗಂಟೆ ಆಗೋಯ್ತು.

ನೇಡೀನ್: ಆಮೇಲೆ?

ಬೀಸ್ಲಿ: ಮೂರನೇ ವರ್ಷಕ್ಕೆ ಹೋದ್ರು. ಕ್ಯಾನ್ಸರ್, ಬಾಯಿಂದ ಶುರುವಾಯ್ತು. ತಿಂಗಳಾ ತಿಂಗಳಾ ಪೆನ್ಷನ್ ಬಂತು. ಹರ್ಬ್ ಲೆಮನ್ಸ್ ಬಂದು ಮದುವೆ ಆಗ್ತೀಯಾ ಅಂತ ಕೇಳಿದಾಗ, ಐವತ್ತೈದು ತುಂಬಲಿ ಅಂದೆ. ಅವರೂ ಕಾದ್ರು. ಹುಟ್ಟುಹಬ್ಬ ಶನಿವಾರ, ಮದುವೆ ಭಾನುವಾರ.

ರಾಯ್ಸ್: ಅಂದ್ರೆ ಆ ದೋಣಿಗೆ ಇನ್ಶೂರೆನ್ಸ್ ದುಡ್ಡು…

ಬೀಸ್ಲಿ: ಇನ್ಶೂರೆನ್ಸ್ ದುಡ್ಡಲ್ಲಿ ದೋಣಿ ಕಟ್ಟೋ ಹಗ್ಗಾನೂ ಬರಲಿಲ್ಲ, ಸಾರ್ಜೆಂಟ್ ಅವರೇ. ಹರ್ಬ್ ಬೆಳಗ್ಗೆಯಿಂದ ಸಂಜೆವರೆಗೆ ಫ್ಯಾಮಿಲಿ ಪೆನ್ಷನ್ ದಂಡ ಅಂತ ಊರೆಲ್ಲ ಹೇಳ್ಕೊಂಡು ಬರ್ತಾರೆ. ಶನಿವಾರ ಎಲ್ಬರ್ಟ್ ಹತ್ತಿ ಮೀನು ಹಿಡೀತಾರೆ. ಕೃತಜ್ಞತೆ ಇರೋ ಮನುಷ್ಯ, ಅದಕ್ಕೇ ಆ ಹೆಸರಿಟ್ರು. ಇದು ಸಲಹೆ ಅಲ್ಲ.

ರಾಯ್ಸ್ ಕಾಗದವನ್ನು ಕೈಗೆತ್ತಿಕೊಂಡು ಎರಡಾಗಿ ಹರಿದರು. ಅಂಚು ಸರಿಯಾಗಿ ಜೋಡಿಸಿ ನಾಲ್ಕಾಗಿ ಹರಿದರು. ಹರಿಯುವುದಕ್ಕೂ ಒಂದು ಕ್ರಮವಿದೆ.

ರಾಯ್ಸ್: ಪೆನ್ಷನ್ ಇರಲಿ. ಹನ್ನೊಂದು ವರ್ಷ ಯಾವನೂ ಹತ್ರ ಬರಲ್ಲ.

ನೇಡೀನ್: ಬರಬಹುದು. ಕಾಯಬೇಕಷ್ಟೇ. ಲೆಮನ್ಸ್ ಕಾಯಲಿಲ್ವಾ?

ರಾಯ್ಸ್: ನಿನಗೆ ಐವತ್ತೈದು ತುಂಬಿದ ಮೇಲೆ ಯಾವನೋ ಒಬ್ಬ ನನ್ನ ಪೆನ್ಷನ್‌ನಲ್ಲಿ ದೋಣಿ ತಗೊಂಡು ಅದಕ್ಕೆ ರಾಯ್ಸ್ ಅಂತ ಹೆಸರಿಡ್ತಾನೆ.

ನೇಡೀನ್: ನೀನು ಬದುಕಿದ್ರೆ ಹೇಗೆ ಇಡ್ತಾನೆ?

ರಾಯ್ಸ್: ಹಾಗಾದ್ರೆ ಆಗ ನಾನು ಸಾಯೋ ಹಾಗಿಲ್ಲ.

ನೇಡೀನ್: ಇಲ್ಲ.

ರಾಯ್ಸ್: ಆಮೇಲೂ ಸಾಯೋ ಹಾಗಿಲ್ಲ.

ನೇಡೀನ್: ಬೇಡ. ಈಗಲೂ ಬೇಡ.

ಫಸ್ಟ್ ಸಾರ್ಜೆಂಟ್ ಟ್ಯಾಕೆಟ್ ಕೈಯಲ್ಲಿದ್ದ ಬಾಟಲಿಯನ್ನು ಹೊಸದಾಗಿ ಕಂಡವರಂತೆ ನೋಡಿದರು. ತುಟಿಯೊಳಗಿದ್ದದ್ದನ್ನು ಬೆರಳಿನಿಂದ ತೆಗೆದು ಅದಕ್ಕೆ ಹಾಕಿ ಮುಚ್ಚಳ ತಿರುಗಿಸಿದರು. ಜೇಬಿನಿಂದ ಹೊಗೆಸೊಪ್ಪಿನ ಚಪ್ಪಟೆ ಡಬ್ಬಿಯನ್ನೂ ತೆಗೆದರು. ಅದು ತುಂಬಿತ್ತು.

ರಾಯ್ಸ್: ಅಮ್ಮಾ, ಕಸದ ಬುಟ್ಟಿ ಎಲ್ಲಿದೆ?

ಬೀಸ್ಲಿ: ಬಾಗಿಲ ಹತ್ರ. ಎಲ್ಬರ್ಟ್ ಕೂಡ ಅವತ್ತು ತಮ್ಮ ಹೊಗೆಸೊಪ್ಪಿನ ಡಬ್ಬೀನ ಅದರಲ್ಲೇ ಎಸೆದಿದ್ರು.

ರಾಯ್ಸ್ ಹೋಗಿ ಎರಡನ್ನೂ ಎಸೆದು, ಬಾಗಿಲು ತೆಗೆದು, ಕಾರಿನ ಕಡೆ ನಡೆದರು. ನೆಟ್ಟಗೆ ನಡೆದರು, ಒಂದು ಸಲ ಮಾತ್ರ ತಿರುಗಿ ಬುಟ್ಟಿಯ ಕಡೆ ನೋಡಿದರು. ನೇಡೀನ್ ಕೈಚೀಲ ಹೆಗಲಿಗೇರಿಸಿಕೊಂಡಳು.

ನೇಡೀನ್: ಅವರು ಎಸೆದಿದ್ರು ಅಂದ್ರಲ್ಲ. ಮತ್ತೆ?

ಬೀಸ್ಲಿ: ಸೋಮವಾರ ಬೆಳಗ್ಗೆ ಬಂದು ಬುಟ್ಟಿ ಕೆದಕಿ ತಗೊಂಡು ಹೋದ್ರು.

ನೇಡೀನ್ ಬುಟ್ಟಿಯನ್ನು ನೋಡಿದಳು. ಬೀಸ್ಲಿ ಎದ್ದು ಬಂದು ಬುಟ್ಟಿಯೊಳಗಿನ ಚೀಲವನ್ನು ಎತ್ತಿ, ಬಾಯಿ ಗಂಟು ಹಾಕಿದರು.

ಬೀಸ್ಲಿ: ಆವಾಗ ಇದನ್ನ ಸೋಮವಾರ ಖಾಲಿ ಮಾಡ್ತಿದ್ರು. ನಾನಿಲ್ಲಿ ಕೆಲಸಕ್ಕೆ ಸೇರಿದ ಮೇಲೆ ಶುಕ್ರವಾರಾನೇ ಮಾಡಿಸ್ತೀನಿ.