ಕೊಡೆರಾಯರ ದುಃಖಾಭ್ಯಾಸ

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಒಂದು ಕನ್ನಡಿ. ಅದು ಬಚ್ಚಲಿನಲ್ಲಿ, ಇರಬೇಕಾದ ಜಾಗದಲ್ಲಿ ಇದ್ದಿದ್ದರೆ ಕೊಡೆರಾಯರು ಈಗಲೂ ತಮ್ಮ ಪಾಡಿಗೆ ತಾವು ಇರುತ್ತಿದ್ದರು. ಬಚ್ಚಲಿನ ದೀಪ ಕೆಟ್ಟು ವಾರವಾಗಿತ್ತು. ಗಡ್ಡ ಕೆರೆದುಕೊಳ್ಳಲು ಬೆಳಕು ಸಾಲದೆಂದು ಅವರು ಕನ್ನಡಿಯನ್ನು ಹಜಾರಕ್ಕೆ ತಂದು, ತೆರೆದ ಕಿಟಕಿಯ ಬಾಗಿಲಿಗೆ ನೇತುಹಾಕಿದ್ದರು. ಆ ಕಿಟಕಿಯೋ, ಮೇಲ್ಮನೆಗೆ ಹತ್ತುವ ಮೆಟ್ಟಿಲ ಕಡೆಗಿದೆ. ಮೇಲ್ಮನೆಯಲ್ಲಿರುವುದು ರೇಡಿಯೋ ಅತ್ತೆ. ಆಕೆಯ ಮನೆಯಲ್ಲಿ ರೇಡಿಯೋ ಇಲ್ಲ, ಅದರ ಅಗತ್ಯವೂ ಇಲ್ಲ.

ಆ ಬೆಳಿಗ್ಗೆ ಅತ್ತೆ ಹಾಲಿನ ಪಾತ್ರೆ ಹಿಡಿದು ಮೆಟ್ಟಿಲಿಳಿಯುವಾಗ ಕಂಡದ್ದಿಷ್ಟು: ಕೊಡೆರಾಯರು ಕನ್ನಡಿಯ ಮುಂದೆ ನಿಂತು ಕೆಳತುಟಿಯನ್ನು ಜೋಲು ಬಿಟ್ಟಿದ್ದಾರೆ. ಹುಬ್ಬುಗಳನ್ನು ನಡುವೆ ಎತ್ತಿದ್ದಾರೆ. ಎದೆಯ ಮೇಲೆ ಕೈಯಿಟ್ಟು, ತೂತಾದ ಟೈರಿನಂತೆ ಉಸಿರು ಬಿಡುತ್ತಿದ್ದಾರೆ. ಅತ್ತೆ ಹಾಲನ್ನು ಮರೆತು ಎದುರುಮನೆಯ ಕಡೆಗೆ ಓಡಿದರು.

ಪಾಪ, ಆ ಮನುಷ್ಯ ಮಾಡುತ್ತಿದ್ದದ್ದು ಮನೆಪಾಠ.

ಕೊಡೆರಾಯರಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಪ್ರಯಾಣಿಕರು ಮರೆತು ಹೋದ ವಸ್ತುಗಳನ್ನು ಕಾಯ್ದಿಡುವ ವಿಭಾಗ ಅವರದು. ಜನ ಮರೆಯುವುದರಲ್ಲಿ ಅರ್ಧಕ್ಕರ್ಧ ಕೊಡೆಗಳೇ ಆದ್ದರಿಂದ ಅವರಿಗೆ ಆ ಹೆಸರು ಅಂಟಿಕೊಂಡಿತ್ತು. 'ಕೊಡೆ ಒಂದು. ಕಪ್ಪು. ಹಿಡಿ ಮುರಿದಿದೆ.' ಜೀವಮಾನವೆಲ್ಲ ಅವರು ಬರೆದ ಸಾಹಿತ್ಯ ಇದೇ. ಮನೆಯಲ್ಲಿ ಆಡಿದ ಮಾತೂ ಹೆಚ್ಚುಕಡಿಮೆ ಇದೇ ಅಳತೆಯದು. ಬರುವ ತಿಂಗಳಿಗೆ ಮದುವೆಯಾಗಿ ಇಪ್ಪತ್ತೈದು ವರ್ಷ. ಇಷ್ಟು ವರ್ಷದಲ್ಲಿ ಹೆಂಡತಿಗೆ ತಾನು ಹೇಳಿದ್ದೇನು ಎಂದು ಒಂದು ದಿನ ಅವರು ಕೂತು ಯೋಚಿಸಿದರು. 'ಉಪ್ಪು ಕಡಿಮೆಯಾಗಿದೆ', 'ಬಾಗಿಲು ಹಾಕ್ಕೋ', 'ಛತ್ರಿ ತಗೊಂಡು ಹೋಗು' ಇವಿಷ್ಟು ನೆನಪಾದವು. ಅವರಿಗೆ ನಾಚಿಕೆಯಾಯಿತು. ಆಕೆಗೆ ಒಂದೇ ಒಂದು ಪುಟ, ಮನಸ್ಸಿನಲ್ಲಿರುವುದನ್ನು ಇದ್ದಹಾಗೆ ಬರೆದು ಕೊಡಬೇಕು ಎಂದು ನಿಶ್ಚಯಿಸಿದರು.

ಹಾಗಾಗಿ ಗ್ರಂಥಾಲಯದ ಮಹಡಿಯಲ್ಲಿ ನಡೆಯುವ ಬರವಣಿಗೆಯ ತರಗತಿಗೆ, ಒಬ್ಬರಿಗೆ ಕೊಡಲು ಒಂದು ಪುಟ ಬರೆಯಬೇಕು ಎಂದಷ್ಟೇ ಹೇಳಿ, ಗುಟ್ಟಾಗಿ ಸೇರಿದರು. ಮನೆಯಲ್ಲಿ ಹೇಳಿದ್ದು, ಡಾಕ್ಟರು ದಿನಾ ಸಂಜೆ ವಾಕಿಂಗ್ ಮಾಡಲು ಹೇಳಿದ್ದಾರೆ ಅಂತ. ಅದಕ್ಕೆಂದೇ ಬಿಳಿ ಶೂ ಕೂಡ ಕೊಂಡರು.

ಅಲ್ಲಿ ಕಲಿಸುವ ಟೀಚರಮ್ಮ ಸಾಮಾನ್ಯದವರಲ್ಲ. ಆಕೆಯ ಕೈಯಲ್ಲಿ ಬೈಸಿಕೊಂಡು ಪುಸ್ತಕ ಬರೆದವರು ಎಷ್ಟೋ ಜನ. ಭಾವನೆಯ ಹೆಸರು ಹೇಳಬೇಡಿ, ಅದು ಮೈಯಲ್ಲಿ ಎಲ್ಲಿ ಹಿಡಿಯುತ್ತದೆ, ಕೈ ಏನು ಮಾಡುತ್ತದೆ, ಅದನ್ನು ಬರೆಯಿರಿ ಎನ್ನುವುದು ಆಕೆಯ ಪಾಠ. ಗೊತ್ತಾಗದಿದ್ದರೆ ಕನ್ನಡಿಯ ಮುಂದೆ ನಿಂತು ಮಾಡಿ ನೋಡಿ, ಇಲ್ಲವೇ ಹತ್ತಿರದವರನ್ನು ಬಾಯಿ ಮುಚ್ಚಿಕೊಂಡು ಗಮನಿಸಿ ಎನ್ನುತ್ತಿದ್ದರು. ಈ ವಾರ ಎಲ್ಲರಿಗೂ ಕೊಟ್ಟ ಕೆಲಸ ದುಃಖದ ಬಗ್ಗೆ ಒಂದು ಪುಟ. ಆದರೆ ದುಃಖ ಎಂಬ ಪದವೂ ಕಣ್ಣೀರು ಎಂಬ ಪದವೂ ಅದರಲ್ಲಿ ಬರಕೂಡದು. ರಾಯರು ಹಿಂದಿನ ಸಂಜೆ ಬರೆದುಕೊಂಡು ಹೋದದ್ದು, 'ಅವನಿಗೆ ದುಃಖವಾಯಿತು. ಮತ್ತೂ ದುಃಖವಾಯಿತು. ಕಾರಣ ತಿಳಿದಿಲ್ಲ.' ಟೀಚರಮ್ಮ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, ನಾಳೆ ಸಂಜೆ ಸರಿಯಾದ ಹಾಳೆ ತರದಿದ್ದರೆ ಈ ತರಗತಿಯಲ್ಲಿ ನಿಮಗೆ ಜಾಗವಿಲ್ಲ ಎಂದುಬಿಟ್ಟಿದ್ದರು.

ಅದಕ್ಕೇ ಈ ತುಟಿ ಜೋಲುಬಿಡುವ ಅಭ್ಯಾಸ. ಗಂಟಲು ಬಿಗಿಯುತ್ತದೋ ಎಂದು ಮುಟ್ಟಿ ನೋಡಿಕೊಳ್ಳುವಾಗ, ಹಿಂದೆ ಹೆಂಡತಿ ಕಾಫಿ ಲೋಟ ಹಿಡಿದು ನಿಂತದ್ದು ಕನ್ನಡಿಯಲ್ಲಿ ಕಂಡಿತು. ರಾಯರು ಗಾಬರಿಯಿಂದ ಮುಖವನ್ನು ಮೊದಲಿನಂತೆ ಮಾಡಿಕೊಂಡರು. ಏನಾಯಿತೆಂದು ಆಕೆ ಕೇಳಲಿಲ್ಲ. ಲೋಟ ಕೊಟ್ಟು, ಒಂದು ಗಳಿಗೆ ನೋಡಿ ಒಳಗೆ ಹೋದಳು. ರಾಯರಿಗೆ ಸಮಾಧಾನವೂ ಆಯಿತು, ಒಂಚೂರು ಬೇಸರವೂ ಆಯಿತು.

ಅವರು ಅಂಗಿ ತೊಟ್ಟು ಬೀದಿಗಿಳಿಯುವಷ್ಟರಲ್ಲಿ ಅತ್ತೆಯ ಪ್ರಸಾರ ಮುಗಿದಿತ್ತು. ಎದುರುಮನೆಯ ಕಾಂಪೌಂಡರ್ ಓಡಿಬಂದು ಅವರ ಮಣಿಕಟ್ಟು ಹಿಡಿದ. ಡಾಕ್ಟರ ಬಳಿ ಬಾಟಲಿಗೆ ಚೀಟಿ ಅಂಟಿಸುವ ಕೆಲಸ ಅವನದು, ಆದರೆ ಬೀದಿಯಲ್ಲಿ ನಾಡಿ ಹಿಡಿಯುವುದನ್ನು ಬಿಟ್ಟವನಲ್ಲ.

"ರಾಯರೇ, ನಂಗೆ ಆವತ್ತೇ ಅನ್ನಿಸ್ತು. ಸುಮ್ಮಸುಮ್ಮನೆ ಯಾರಾದ್ರೂ ವಾಕಿಂಗ್ ಮಾಡು ಅಂತಾರಾ? ಎಷ್ಟು ದಿನ ಅಂತ ಹೇಳಿದ್ದಾರೆ?"

"ಏನಿಲ್ಲಪ್ಪ, ಚೆನ್ನಾಗಿದ್ದೀನಿ" ಎಂದರು ರಾಯರು.

ಹಾಗೆ ಹೇಳಿದ್ದೇ ತಪ್ಪಾಯಿತು. ಚೆನ್ನಾಗಿರುವವರು ಯಾರೂ ಚೆನ್ನಾಗಿದ್ದೀನಿ ಅನ್ನುವುದಿಲ್ಲ ಎಂದು ಕಾಂಪೌಂಡರ್ ಪಕ್ಕದಲ್ಲಿದ್ದ ಇಸ್ತ್ರಿಯವನಿಗೆ ಮೆಲ್ಲಗೆ ಹೇಳಿದ. ಇಸ್ತ್ರಿಯವನು ರಾಯರಿಂದ ಬರಬೇಕಿದ್ದ ಚಿಲ್ಲರೆ ಕೇಳಲು ಬಂದವನು, ಕೇಳದೆ ವಾಪಸು ಹೋದ.

ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವನು ಅತ್ತೆಯ ಅಳಿಯ. ಹೀಗಾಗಿ ಸುದ್ದಿ ಬಸ್ಸಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ರಾಯರು ಎತ್ತಲು ಹೋದ ಪೆಟ್ಟಿಗೆಯನ್ನು ಯಾರೋ ಕಸಿದುಕೊಂಡರು. ಕೂರಲು ಮ್ಯಾನೇಜರ ಕೋಣೆಯ ಮೆತ್ತನೆ ಕುರ್ಚಿಯೇ ಬಂತು. ಅದರ ಮೇಲೆ ಕೂತು ರಾಯರು ಚಿಂತಿಸಿದ್ದು ಒಂದೇ ವಿಷಯ: ಸಂಜೆಯೊಳಗೆ ಒಬ್ಬ ದುಃಖಿತ ಮನುಷ್ಯ ಬೇಕು, ಎಲ್ಲಿ ಹುಡುಕುವುದು?

ಅವರ ಅದೃಷ್ಟಕ್ಕೆ ಅಷ್ಟು ಹೊತ್ತಿಗೆ ಒಬ್ಬ ದಪ್ಪನೆಯ ಹಿರಿಯರು ಬಂದರು. ಹಲ್ಲುಸೆಟ್ಟನ್ನು ಡಬ್ಬಿಯಲ್ಲಿಟ್ಟು ಬಸ್ಸಿನಲ್ಲೇ ಮರೆತಿದ್ದರಂತೆ. ರಾತ್ರಿ ತಂಗಿಯ ಮಗಳ ಮದುವೆಯ ಊಟ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರ ಮುಖ ಅಳುವ ಮಗುವಿನ ಮುಖದಂತಾಯಿತು. ಡಬ್ಬಿ ರಾಯರ ಹಿಂದಿನ ಕಪಾಟಿನಲ್ಲೇ ಇತ್ತು. ಆದರೆ ಇಂಥ ಅವಕಾಶ ಮತ್ತೆ ಸಿಕ್ಕೀತೇ? ರಾಯರು ಮುಂದೆ ಬಾಗಿ ಹಿರಿಯರ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದರು.

"ಸ್ವಲ್ಪ ಹೀಗೇ ಇರಿ. ಈಗ ನಿಮಗೆ ಎಲ್ಲಿ ಹಿಡೀತಿದೆ, ಗಂಟಲಲ್ಲೋ ಎದೆಯಲ್ಲೋ? ಅವಸರ ಇಲ್ಲ, ಯೋಚಿಸಿ ಹೇಳಿ."

ಹಿರಿಯರು ಹಲ್ಲಿಲ್ಲದ ಬಾಯಲ್ಲಿ ಬೈದದ್ದು ಒಂದಕ್ಷರವೂ ತಿಳಿಯಲಿಲ್ಲ, ಆದರೆ ಬೈಗುಳವೆಂದು ಇಡೀ ನಿಲ್ದಾಣಕ್ಕೆ ತಿಳಿಯಿತು. ಮ್ಯಾನೇಜರ್ ಬಂದು ಹಲ್ಲು ಕೊಡಿಸಿ, ಕ್ಷಮೆ ಕೇಳಿ, ಕಳಿಸಿಕೊಟ್ಟರು. ಆಮೇಲೆ ರಾಯರ ಹೆಗಲ ಮೇಲೆ ಕೈಯಿಟ್ಟು, ರೋಗ ತಲೆಗೂ ಏರಿದಂತಿದೆ, ಎರಡು ವಾರ ರಜೆ ಹಾಕಿ ಮನೆಯಲ್ಲಿರಿ ಎಂದರು. ರಾಯರು ಬೇಡವೆಂದಷ್ಟೂ ಅವರ ಕೈ ಮೆತ್ತಗಾಗುತ್ತಾ ಹೋಯಿತು. ಕೊನೆಗೆ ಅತ್ತೆಯ ಅಳಿಯನೇ ರಾಯರನ್ನು ಬಸ್ಸಿನ ಕಿಟಕಿ ಪಕ್ಕ ಕೂರಿಸಿ, ಇವರನ್ನು ಜೋಪಾನವಾಗಿ ಇಳಿಸಿ ಎಂದು ಕಂಡಕ್ಟರಿಗೆ ಕೂಗಿ ಹೇಳಿದ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮಧ್ಯಾಹ್ನ ಮನೆಗೆ ಬಂದರೆ ಬೀಗ. ಹೆಂಡತಿ ದಿನಾ ಆ ಹೊತ್ತಿಗೆ ಹೊಲಿಗೆ ಕಲಿಯಲು ಹೋಗುತ್ತಾಳೆ. ಕಲಿಯಲು ಶುರುಮಾಡಿ ಆರು ತಿಂಗಳಾಯಿತು, ರಾಯರ ಅಂಗಿಗೆ ಎರಡನೆಯ ಗುಂಡಿ ಇಲ್ಲದೆಯೂ ಆರು ತಿಂಗಳಾಯಿತು. ಗುಂಡಿಯ ಜಾಗದಲ್ಲಿ ಅವರು ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದರು.

ಬಾಗಿಲ ಮುಂದೆ ಮಾತ್ರ ಜಾತ್ರೆಯೇ ನೆರೆದಿತ್ತು. ಯಾರೋ ಬೆಂಚು ತಂದಿದ್ದರು, ಯಾರೋ ಕಿತ್ತಳೆಹಣ್ಣು, ಯಾರೋ ಫ್ಲಾಸ್ಕಿನಲ್ಲಿ ಬಿಸಿನೀರು. ನಡುವೆ ರೇಡಿಯೋ ಅತ್ತೆ. ರಾಯರನ್ನು ಕಂಡದ್ದೇ ತಡ, ಆಕೆ ಬಿಕ್ಕಿಬಿಕ್ಕಿ ಅತ್ತರು. ನಾಟಕವಲ್ಲ, ನಿಜವಾದ ಅಳು. ಮಂಡಿನೋವು ಬಂದಾಗ ತಿಂಗಳಿಡೀ ಮೇಲಕ್ಕೆ ನೀರು ಹೊತ್ತುಕೊಟ್ಟವನು ನೀನು, ಹೆತ್ತ ಮಗನೂ ಹೊರಲಿಲ್ಲವಪ್ಪ, ಎಂದು ಹೇಳಿಹೇಳಿ ಅತ್ತರು.

ರಾಯರಿಗೂ ಒಳಗೆ ಕರಗಿದಂತಾಯಿತು. ಆದರೆ ಏನು ಮಾಡುವುದು, ದಿನವೆಲ್ಲ ಹುಡುಕಿದ್ದು ಕಣ್ಣೆದುರೇ ಬೆಂಚಿನ ಮೇಲೆ ಕೂತಿತ್ತು. ಅವರ ಕೈ ತಾನಾಗಿಯೇ ಜೇಬಿಗೆ ಹೋಗಿ ಹಾಳೆ ಮತ್ತು ಮೊಂಡು ಪೆನ್ಸಿಲನ್ನು ತೆಗೆಯಿತು. 'ಮೂಗಿನ ತುದಿ ಕೆಂಪು. ಬಲಗೈ ಕರವಸ್ತ್ರವನ್ನು ಹಿಂಡುತ್ತದೆ, ಎಡಗೈ ಅದನ್ನು ಬಿಡಿಸಿ ಮತ್ತೆ ಮಡಿಸುತ್ತದೆ. ಮಾತು ಅರ್ಧಕ್ಕೆ ಬಂದು ನಿಲ್ಲುತ್ತದೆ, ಉಳಿದರ್ಧವನ್ನು ಆಕೆ ನುಂಗುತ್ತಾರೆ.' ಬರೆಯುತ್ತಾ ಹೋದಂತೆ ರಾಯರಿಗೆ ತಾನು ಬರೆಯುತ್ತಿದ್ದೇನೆಂಬುದೇ ಮರೆತುಹೋಯಿತು. ಪುಟ ತುಂಬಿತು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಒಳ್ಳೆಯ ಪುಟ ಅವರ ಕೈಯಿಂದ ಬಂದಿತ್ತು.

ತಲೆಯೆತ್ತಿ ನೋಡಿದರೆ ಎಲ್ಲರ ಕಣ್ಣೂ ಆ ಹಾಳೆಯ ಮೇಲಿತ್ತು. "ಉಯಿಲು ಬರೀತಿದ್ದಾರೆ" ಎಂದು ಕಾಂಪೌಂಡರ್ ಪಿಸುಗುಟ್ಟಿದ.

ರಾಯರು ಬಾಯಿ ತೆರೆಯುವುದರೊಳಗೆ ಅವನು ಹಾಳೆಯನ್ನು ಮೆತ್ತಗೆ ಬಿಡಿಸಿಕೊಂಡ. ಇನ್ನೊಬ್ಬರ ಉಯಿಲನ್ನು ಓದಬಾರದೆಂದು ಮುಖ ಆಚೆ ತಿರುಗಿಸಿಕೊಂಡೇ ನಾಲ್ಕಾಗಿ ಮಡಿಸಿದ. ಹೊರಗಡೆ ಸಾಕ್ಷಿಯೆಂದು ತಾನೂ ಸಹಿ ಮಾಡಿ, ಇಸ್ತ್ರಿಯವನ ಕೈಯಲ್ಲೂ ಮಾಡಿಸಿ, ಕಾಲ ಬರುವ ತನಕ ಇದು ನನ್ನ ಬಳಿ ಭದ್ರ ಎಂದು ಒಳಜೇಬಿಗೆ ಸೇರಿಸಿದ. ರಾಯರು ಚಡಪಡಿಸಿದರು. ಕೊಡು ಎನ್ನಬೇಕಾದರೆ ಅದೇನೆಂದು ಹೇಳಬೇಕು. ಹೇಳಿದರೆ ತರಗತಿಯ ಗುಟ್ಟು ಅತ್ತೆಗೆ ತಿಳಿಯುತ್ತದೆ, ಅತ್ತೆಗೆ ತಿಳಿದದ್ದು ಹೆಂಡತಿಗೆ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ತನಗಾಗಿ ಅಳುವ ಹೆಂಗಸಿನ ಮುಂದೆ ನಿಮ್ಮ ಮೂಗಿನ ಬಣ್ಣ ಬರೆದುಕೊಳ್ಳುತ್ತಿದ್ದೆ ಎನ್ನುವುದು ಹೇಗೆ? ಅವರು ಕಿತ್ತಳೆಹಣ್ಣು ಸುಲಿಯುತ್ತಾ ಕೂತರು.

ಆಮೇಲೆ ಹೆಂಡತಿ ಬಂದಳು. ಬೆಂಚು, ಫ್ಲಾಸ್ಕು, ಅತ್ತೆಯ ಕೆಂಪು ಮೂಗು, ಗಂಡನ ಮುಖ ಎಲ್ಲವನ್ನೂ ಒಂದು ಸುತ್ತು ನೋಡಿದಳು. ಬೀಗ ತೆಗೆದು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ಈಗಲೂ ಒಂದು ಮಾತು ಕೇಳಲಿಲ್ಲ. ಕಾಂಪೌಂಡರ್ ಕೇಳಿದ, ಮ್ಯಾನೇಜರ್ ಕೇಳಿದರು, ಬಸ್ಸಿನ ಕಂಡಕ್ಟರ್ ಕೂಡ ಕೇಳಿದ್ದ. ಯಾರಿಗಾಗಿ ಇಷ್ಟೆಲ್ಲ ಪಾಡು ಪಡುತ್ತಿದ್ದಾರೋ ಅವಳಿಗೆ ಮಾತ್ರ ಏನೂ ಅನ್ನಿಸಲೇ ಇಲ್ಲವಲ್ಲ ಎಂದು ರಾಯರಿಗೆ ಗಂಟಲು ಕಟ್ಟಿತು. ಗಂಟಲು ಕಟ್ಟಿದ್ದನ್ನು ಗಮನಿಸಿಕೊಳ್ಳಬೇಕೆಂಬುದು ಆಗ ಅವರಿಗೆ ನೆನಪೂ ಆಗಲಿಲ್ಲ.

ಸಂಜೆ ಅವರು ಬಿಳಿ ಶೂ ಹಾಕಿಕೊಂಡಾಗ ಬೀದಿಯೆಲ್ಲ ಅಡ್ಡ ನಿಂತಿತು. ಈ ಸ್ಥಿತಿಯಲ್ಲಿ ನಡೆಯುವುದೇ ಎಂದು ಅತ್ತೆ ಕೈ ಹಿಡಿದುಕೊಂಡರು. "ಹೋಗ್ಲಿ ಬಿಡಿ ಅತ್ತೆ, ನಡೆದು ಬರ್ಲಿ" ಎಂದಳು ಹೆಂಡತಿ. ಆ ಮಾತು ರಾಯರಿಗೆ ಇನ್ನಷ್ಟು ನೋವು ಮಾಡಿತು.

ತರಗತಿಯಲ್ಲಿ ಅವರು ಕೊನೆಯ ಬೆಂಚಿನಲ್ಲಿ ಬರಿಗೈಯಲ್ಲಿ ಕೂತರು. ನಿಮ್ಮ ನಿಮ್ಮ ಹಾಳೆ ಓದುವ ಮುಂಚೆ ಒಂದನ್ನು ಕೇಳಿ, ಮಧ್ಯಾಹ್ನದ ತರಗತಿಯಲ್ಲಿ ಒಬ್ಬರು ಇವತ್ತೇ ಬರೆದುಕೊಟ್ಟದ್ದು ಎಂದು ಟೀಚರಮ್ಮ ಕನ್ನಡಕ ಏರಿಸಿಕೊಂಡರು.

"'ನಮ್ಮ ಮನೆಯವರು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತುಟಿ ಇಳಿಬಿಡುತ್ತಾರೆ. ನಾನು ಕಂಡ ಕೂಡಲೇ ಮುಖವನ್ನು ಮಡಿಸಿ ಒಳಗಿಡುತ್ತಾರೆ. ಸಂಜೆ ವಾಕಿಂಗ್ ಎಂದು ಹೋಗುತ್ತಾರೆ, ಶೂಗಳ ಅಡಿ ಅಂಗಡಿಯಿಂದ ತಂದ ದಿನದಂತೆಯೇ ಇದೆ. ಅಂಗಿಯ ಎರಡನೆಯ ಗುಂಡಿ ಬಿದ್ದು ಆರು ತಿಂಗಳಾಯಿತು. ದಿನಾ ಹೊಲಿಗೆಗೆಂದು ಹೊರಡುವ ನನ್ನನ್ನು ಅವರು ಒಮ್ಮೆಯೂ ಅದರ ಬಗ್ಗೆ ಕೇಳಿಲ್ಲ. ಊರವರೆಲ್ಲ ಕಳೆದುಕೊಂಡದ್ದನ್ನು ಹುಡುಕಿಕೊಡುವ ಮನುಷ್ಯ ಈಗ ತನಗಾಗಿ ಒಂದು ಮಾತನ್ನು ಹುಡುಕುತ್ತಿದ್ದಾರೆ. ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲಿ ಸಿಕ್ಕದೆ ಹೋಗುತ್ತದೋ ಎಂದು ಕಾಫಿ ಕೊಟ್ಟು ಒಳಗೆ ಬರುತ್ತೇನೆ.'"

ಮುಂದಿನ ಬೆಂಚಿನವರು ಮೂಗು ಒರೆಸಿಕೊಂಡರು. ಕೊಡೆರಾಯರು ಬಗ್ಗಿ ತಮ್ಮ ಶೂಗಳನ್ನು ನೋಡಿಕೊಂಡರು, ಅಂಗಿಯ ಪಿನ್ನು ಮುಟ್ಟಿಕೊಂಡರು, ಆಮೇಲೆ ಎಲ್ಲರೆದುರೂ ಗೊಳೋ ಎಂದು ಅತ್ತುಬಿಟ್ಟರು.

ರಾಯರ ಅಳು ನಿಲ್ಲುವ ತನಕ ಕಾದು ಟೀಚರಮ್ಮ, "ನಿಮ್ಮ ಹಾಳೆ ಎಲ್ಲಿ?" ಎಂದರು.

"ಕಾಂಪೌಂಡರ್ ಜೇಬಿನಲ್ಲಿದೆ" ಎಂದರು ರಾಯರು. ಅವರಿಗೆ ಅದನ್ನು ವಿವರಿಸುವ ಶಕ್ತಿ ಉಳಿದಿರಲಿಲ್ಲ.

ಬಹಳ ಸಬೂಬು ಕೇಳಿದ್ದೇನೆ, ಇದು ಹೊಸದು ಎಂದರು ಟೀಚರಮ್ಮ. ಆದರೂ ಅತ್ತದ್ದನ್ನು ಕಂಡು ಅವರ ಮನಸ್ಸು ಸ್ವಲ್ಪ ಮೆತ್ತಗಾಗಿತ್ತು. ತರಗತಿಯಿಂದ ಪೂರಾ ತೆಗೆಯುವುದಿಲ್ಲ, ನಾಳೆಯಿಂದ ಮಧ್ಯಾಹ್ನದ ತರಗತಿಗೆ ಬನ್ನಿ ಎಂದರು. ಹಿಂದುಳಿದವರನ್ನು ತಿದ್ದುವ ಕೆಲಸವನ್ನು ಈ ಪುಟ ಬರೆದ ಹೆಂಗಸಿಗೇ ಒಪ್ಪಿಸಿದ್ದೇನೆ, ಅವರ ಪಕ್ಕ ಕೂತು ಮೊದಲಿಂದ ಕಲಿಯಿರಿ, ಎಂದು ತೀರ್ಪು ಕೊಟ್ಟರು. ಕೆಲಸದ ನೆಪ ಹೇಳೋಣವೆಂದರೆ ಎರಡು ವಾರ ರಜೆ ಆಗಲೇ ಮಂಜೂರಾಗಿತ್ತು.

ರಾಯರು ಮನೆಗೆ ಬಂದಾಗ ಹೆಂಡತಿ ಹಜಾರದಲ್ಲಿ ಕೂತು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ಹೊಲಿಗೆ ಆಕೆಗೆ ನಿಜವಾಗಿಯೂ ಬರುತ್ತಿರಲಿಲ್ಲ.

"ವಾಕಿಂಗ್ ಆಯ್ತಾ?"

"ಆಯ್ತು."

"ಅಂಗಿ ಬಿಚ್ಚಿ ಕೊಡಿ, ಗುಂಡಿ ಹಾಕ್ತೀನಿ." ರಾಯರು ಬಿಚ್ಚಿಕೊಟ್ಟರು. ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಬಾಯಿಗೆ ಬಂದದ್ದು, "ಕಿಟಕಿ ಹಾಕ್ಕೋ."

ಹೆಂಡತಿ ದಾರದ ತುದಿಯನ್ನು ನೆಕ್ಕಿ ಚೂಪು ಮಾಡುತ್ತಾ, ತಲೆಯೆತ್ತದೆ ಹೇಳಿದಳು:

"ರೀ, ಟೀಚರಮ್ಮ ಈಗಷ್ಟೇ ಫೋನ್ ಮಾಡಿದ್ರು, ನಾಳೆಯಿಂದ ಸಂಜೆ ತರಗತಿಯವರು ಒಬ್ಬರನ್ನ ನಂಗೆ ಒಪ್ಪಿಸ್ತಾರಂತೆ. ಕೊಡೆ ಲೆಕ್ಕ ಬರೆಯೋ ಹಾಗೆ ಬರೀತಾರಂತೆ. ಯಾರಿಗೋ ಕೊಡೋಕೆ ಒಂದು ಪುಟ ಬರೀಬೇಕು ಅಂತ ಅವರಿಗೆ ಆಸೆಯಂತೆ. ಬರೀಲಿ. ಆದ್ರೆ ಆ ಪುಟ ಮೊದಲು ನನ್ನ ಕೈಗೇ ಬರಬೇಕು, ಸರಿಯಿಲ್ಲದಿದ್ರೆ ವಾಪಸು ಕೊಟ್ಟು ಮತ್ತೆ ಬರೆಸ್ತೀನಿ. ಪೆನ್ಸಿಲ್ ಚೂಪಾಗಿ ಕೆತ್ತಿಟ್ಕೊಳ್ಳಿ."